ಜೈಲಲ್ಲೇ ಕೌನ್ಸಿಲ್ ಮೀಟಿಂಗ್ ಮಾಡಿದ ಪಾಪ್ಲರ್ ಕೌನ್ಸಿಲರ್‌ಗಳು: 1919ರ ಈ ಎಲೆಕ್ಷನ್ ಬಗ್ಗೆ ಗೊತ್ತಿರೋರು ಇದ್ದೀರಾ?

ಥೇಮ್ಸ್ ದಂಡೆ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ನಾನಿರೋದು ಲಂಡನ್ನಿನ ಪೂರ್ವ ಭಾಗದಲ್ಲಿ, ದಿನಾ ಆಫೀಸಿಗೆ ಹೋಗೋ ದಾರೀಲಿ ಈಸ್ಟ್ ಇಂಡಿಯಾ ಡಾಕ್ ರೋಡ್ ಸಿಗತ್ತೆ. ಹೆಸರಲ್ಲೇ ಇದೆ ನೋಡಿ, ನಮ್ಮ ಕಡೆಯಿಂದ ಹೋಗ್ತಿದ್ದ ಹಡಗುಗಳು ಬಂದು ನಿಲ್ತಿದ್ದ ಜಾಗ. ಆ ರೋಡಿಂದ ಹೇಲ್ ಸ್ಟ್ರೀಟ್ ಅಂತ ಒಂದು ಸಣ್ಣ ರಸ್ತೆ ಒಳಗೆ ಹೋಗತ್ತೆ, ಅಲ್ಲಿ ಒಂದು ಗೋಡೆ ತುಂಬಾ ಚಿತ್ರ ಬರ್ದಿದಾರೆ, ಕೆನ್ನೆ ಮೇಲೆ ದಪ್ಪ ಮೀಸೆ ಬಿಟ್ಟಿರೋ ಒಬ್ಬ ಅಜ್ಜ, ಜೊತೆಗೆ ಮೆರವಣಿಗೆ ಹೊರಟಿರೋ ಜನ. ಎರಡು ವರ್ಷ ಅದನ್ನ ದಾಟಿ ಓಡಾಡಿದೀನಿ, ಒಂದಿನಾನೂ ನಿಂತು ನೋಡಿರ್ಲಿಲ್ಲ. ಮೊನ್ನೆ ಮಳೆ ಬಂತು ಅಂತ ಅಲ್ಲೇ ನಿಂತಾಗ ಓದಿದೆ.

ವಿಷ್ಯ ಏನಂದ್ರೆ ಇದು ಪಾಪ್ಲರ್ ಅನ್ನೋ ಬರೋ (borough, ತನ್ನದೇ ಕೌನ್ಸಿಲ್ ಇರೋ ನಗರದ ಒಂದು ಭಾಗ), ಆಗ ಲಂಡನ್ನಿನಲ್ಲಿದ್ದ 28 ಬರೋಗಳಲ್ಲಿ ಒಂದು, ಡಾಕ್ ಕೂಲಿಗಳ ಊರು. 1919 ನವೆಂಬರ್ 1ನೇ ತಾರೀಕು ಶನಿವಾರ ಅಲ್ಲಿ ಕೌನ್ಸಿಲ್ ಎಲೆಕ್ಷನ್ ಆಯ್ತು, 42 ಸೀಟಲ್ಲಿ 39 ಲೇಬರ್ ಪಾರ್ಟಿಗೆ. ಅಜ್ಜ ಅಂದ್ನಲ್ಲ, ಜಾರ್ಜ್ ಲ್ಯಾನ್ಸ್‌ಬರಿ, ಅವರು ಮೇಯರ್ ಆದ್ರು. ಎರಡೇ ವರ್ಷದಲ್ಲಿ ಅದೇ ಕೌನ್ಸಿಲಿನ 30 ಜನ ಜೈಲಲ್ಲಿದ್ರು. ಲಂಚ ಹೊಡೆದು ಒಳಗೆ ಹೋಗಿದ್ದಲ್ಲ ಮತ್ತೆ, ತೆರಿಗೆ ಹಾಕಲ್ಲ ಅಂತ ಹಠ ಹಿಡಿದು ಹೋಗಿದ್ದು. ನಂಗೆ ಅರ್ಧಂಬರ್ಧ ಗೊತ್ತು, ಬಲ್ಲವರು ಪೂರ್ತಿ ಮಾಡಿ.

ಮಂಡ್ಯ ಹೈದ:
ಅಣ್ಣ ತೆರಿಗೆ ಹಾಕಲ್ಲ ಅಂದ್ರೆ ಜೈಲಾ?? ನಮ್ ಕಡೆ ಹಾಕಲ್ಲ ಅಂದ್ರೆ ಹಾರ ಹಾಕಿ ಮೆರವಣಿಗೆ ಮಾಡ್ತಾರೆ. ಅಂದಂಗೆ ನವೆಂಬರ್ ಒಂದು ಅಂದ್ರೆ ರಾಜ್ಯೋತ್ಸವ, ಇಂಗ್ಲೆಂಡ್‌ನೋರೂ ಆವತ್ತೇ ಎಲೆಕ್ಷನ್ ಮಾಡವ್ರಲ್ಲ 😀

ಲೆಕ್ಕದ ಮೇಡಂ:
ನವೆಂಬರ್ 1 ಕಾಕತಾಳೀಯ ಅಷ್ಟೆ, ನಮ್ಮ ರಾಜ್ಯ ಆಗಿದ್ದು 1956ರಲ್ಲಿ. ಆ ಕಾಲದಲ್ಲಿ ಇಂಗ್ಲೆಂಡಿನ ಬರೋಗಳಿಗೆಲ್ಲ ಚುನಾವಣೆ ಅದೇ ದಿನ, ಭಾನುವಾರ ಬಿದ್ರೆ ಮಾರನೇ ದಿನ. ಬೇರೆ ಊರುಗಳಲ್ಲಿ ಪ್ರತಿ ವರ್ಷ ಮೂರರಲ್ಲಿ ಒಂದು ಭಾಗ ಕೌನ್ಸಿಲರ್‌ಗಳು ಇಳಿದು ಹೊಸಬರು ಬರೋರು, ಲಂಡನ್ ಬರೋಗಳಲ್ಲಿ ಮಾತ್ರ ಮೂರು ವರ್ಷಕ್ಕೊಮ್ಮೆ ಇಡೀ ಕೌನ್ಸಿಲ್ ಒಟ್ಟಿಗೆ. ಅದಕ್ಕೇ ಪಾಪ್ಲರಲ್ಲಿ ಒಂದೇ ಏಟಿಗೆ ಅಷ್ಟು ದೊಡ್ಡ ಬದಲಾವಣೆ ಆಗಿದ್ದು, ಶೆಫೀಲ್ಡ್ ಥರದ ಊರಲ್ಲಿ ಲೇಬರ್‌ಗೆ ಬಹುಮತ ಸಿಗೋಕೆ 1926ರವರೆಗೂ ಕಾಯಬೇಕಾಯ್ತು.

ಆದ್ರೆ ಥ್ರೆಡ್ ಶುರುವಿನಲ್ಲೇ ಹೇಳ್ಬಿಡ್ತೀನಿ, ಇವರನ್ನ ಹೀರೋ ಮಾಡೋಕೆ ನಂಗೆ ಇಷ್ಟ ಇಲ್ಲ. ಕಾನೂನು ಪ್ರಕಾರ ಕಟ್ಟಬೇಕಾದ ದುಡ್ಡನ್ನ ಕಟ್ಟಲಿಲ್ಲ. ಕಾರಣ ಒಳ್ಳೇದಿರಬಹುದು, ಕ್ರಮ ತಪ್ಪು. ಮೂವತ್ತು ವರ್ಷ ಆಡಿಟ್ ಮಾಡಿದವಳ ಮಾತು ಅನ್ಕೊಳ್ಳಿ.

ಥೇಮ್ಸ್ ದಂಡೆ ಕನ್ನಡಿಗ:
ಮೇಡಂ ಜಗಳಕ್ಕೆ ಮೊದಲು ಲೆಕ್ಕ ಹೇಳಿ, ಅದೇ ನಂಗೆ ಸರಿಯಾಗಿ ಹತ್ತಿಲ್ಲ. ರೇಟ್ಸ್ ಅಂತಾರಲ್ಲ, ಅದು ನಮ್ಮ ಮನೆಕಂದಾಯ ಥರಾನೇ?

ಲೆಕ್ಕದ ಮೇಡಂ:
ಹೌದು, ಹೆಚ್ಚುಕಮ್ಮಿ ಅದೇ. ಮನೆಗೆ ವರ್ಷಕ್ಕೆ ಎಷ್ಟು ಬಾಡಿಗೆ ಬರಬಹುದು ಅಂತ ಒಂದು ಮೌಲ್ಯ ಕಟ್ಟಿ, ಅದರ ಮೇಲೆ ಪೌಂಡಿಗೆ ಇಷ್ಟು ಶಿಲ್ಲಿಂಗ್ ಅಂತ ವಸೂಲಿ, ನಮ್ಮ ಅಜ್ಜಂದಿರ ಕಾಲದಲ್ಲಿ ರೂಪಾಯಿಗೆ ಇಷ್ಟು ಆಣೆ ಅಂತಿದ್ರಲ್ಲ ಹಾಗೆ. ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗಿಗೆ 12 ಪೆನ್ಸ್. ಉದಾಹರಣೆಗೆ 15 ಪೌಂಡ್ ಮೌಲ್ಯದ ಮನೆ, ರೇಟು ಪೌಂಡಿಗೆ 20 ಶಿಲ್ಲಿಂಗ್ ಅಂದ್ರೆ ವರ್ಷಕ್ಕೆ 15 ಪೌಂಡ್ ಪೂರ್ತಿ ಕಟ್ಟಬೇಕು. ಕೂಲಿಯವರ ಮನೆಗಳಲ್ಲಿ ಎಷ್ಟೋ ಸಲ ಮಾಲೀಕನೇ ಕಟ್ಟಿ ಬಾಡಿಗೆಯೊಳಗೆ ಸೇರಿಸಿ ವಸೂಲಿ ಮಾಡ್ತಿದ್ದ.

ಈಗ ಗಂಟು ಎಲ್ಲಿ ಅಂದ್ರೆ, ವೆಸ್ಟ್‌ಮಿನ್‌ಸ್ಟರ್ ಅಂದ್ರೆ ಬಂಗಲೆ, ಹೋಟೆಲ್ಲು, ದೊಡ್ಡ ಅಂಗಡಿಗಳ ಬರೋ. ಪಾಪ್ಲರ್ ಅಂದ್ರೆ ಒಂದಕ್ಕೊಂದು ಅಂಟಿಕೊಂಡಿರೋ ಚಿಕ್ಕ ಮನೆಗಳು. ಪೌಂಡಿಗೆ ಒಂದೇ ಒಂದು ಪೆನ್ನಿ ರೇಟ್ ಹಾಕಿದ್ರೆ ವೆಸ್ಟ್‌ಮಿನ್‌ಸ್ಟರಿಗೆ ಬರ್ತಿದ್ದ ದುಡ್ಡು ಪಾಪ್ಲರಿಗಿಂತ ಸುಮಾರು ಎಂಟು ಪಟ್ಟು ಜಾಸ್ತಿ. ಸರಿ, ಇನ್ನು ಖರ್ಚು? ಯುದ್ಧ ಮುಗಿದು 1920ರ ಕೊನೆಗೆ ವ್ಯಾಪಾರ ಕುಸಿದು ಡಾಕಿನಲ್ಲಿ ಕೆಲಸ ಇಲ್ಲ, ಕೆಲಸ ಇಲ್ಲದವರ ಹೊಟ್ಟೆಗೆ ಕೊಡೋ ಪರಿಹಾರಾನೂ ಆಯಾ ಪ್ರದೇಶದ ರೇಟ್ಸಿನಿಂದಲೇ ಕೊಡಬೇಕು. ಯಾವ ಬರೋದಲ್ಲಿ ಬಡವರು ಜಾಸ್ತಿಯೋ ಅಲ್ಲಿ ಖರ್ಚು ಜಾಸ್ತಿ, ಅದನ್ನ ತುಂಬಿಸೋಕೆ ಅದೇ ಬಡವರ ಮನೆ ಮೇಲೆ ರೇಟು ಜಾಸ್ತಿ. ಒಪ್ತೀನಿ, ವ್ಯವಸ್ಥೆ ಅನ್ಯಾಯದ್ದೇ. ನನ್ನ ತಕರಾರು ಇವರು ಹಿಡಿದ ದಾರಿ ಬಗ್ಗೆ ಮಾತ್ರ.

ಕಡಲತಡಿ:
ಅಯ್ಯೋ ಮಾರಾಯ್ರೆ ಇಷ್ಟು ಚಂದ ಬಿಡಿಸಿ ಹೇಳ್ತೀರಿ, ಮತ್ತೆ ಅವರದ್ದೇ ತಪ್ಪು ಅಂತ ಹೇಳ್ತೀರಲ್ಲ! ಬಂದರಿನ ಕೂಲಿ ಹೇಗೆ ಅಂತ ಗೊತ್ತುಂಟಾ? ಬೆಳಿಗ್ಗೆ ಗೇಟಿನ ಹತ್ರ ಗುಂಪು ನಿಲ್ಲಬೇಕು, ಮೇಸ್ತ್ರಿ ಬಂದು ನೀನು ಬಾ ನೀನು ಬಾ ಅಂತ ಕೈ ತೋರಿಸಿದವರಿಗೆ ಆ ದಿನದ್ದು, ಇಲ್ಲವಾದರೆ ಅರ್ಧ ದಿನದ್ದು ಕೆಲಸ. ಉಳಿದವರು ಮನೆಗೆ. ಲಂಡನ್ ಡಾಕ್ ಕೂಡ ಹಾಗೆಯೇ ಇದ್ದದ್ದು. ನನ್ನ ಅಜ್ಜ ಹಳೇ ಬಂದರಿನಲ್ಲಿ ಮೂಟೆ ಹೊತ್ತವರು, ಅವರು ಹೇಳ್ತಿದ್ದ ಕಥೆಗೂ ಇದಕ್ಕೂ ಒಂದು ಕೂದಲಿನ ವ್ಯತ್ಯಾಸ ಇಲ್ಲ.

ಶಾರದಕ್ಕ:
ನನ್ನದೊಂದು ಪ್ರಶ್ನೆ. 1919ರಲ್ಲಿ ಹೆಂಗಸರಿಗೆ ಓಟು ಇತ್ತಾ ಅಲ್ಲಿ? ನಾವು ಸ್ಕೂಲಲ್ಲಿ 1918ಕ್ಕೆ ಸ್ವಲ್ಪ, 1928ಕ್ಕೆ ಪೂರ್ತಿ ಅಂತ ಪಾಠ ಮಾಡ್ತಿದ್ವಿ, ಅದು ಪಾರ್ಲಿಮೆಂಟಿಗೆ. ಊರಿನ ಕೌನ್ಸಿಲಿಗೂ ಅದೇ ಲೆಕ್ಕಾನಾ?

ಥೇಮ್ಸ್ ದಂಡೆ ಕನ್ನಡಿಗ:
ಶಾರದಕ್ಕ ಇದನ್ನ ನಾನು ಹುಡುಕಿ ಓದಿದೀನಿ, ಕೌನ್ಸಿಲ್ ಓಟಿನ ಲೆಕ್ಕ ಬೇರೇನೇ. ಮನೆ ಯಾರ ಹೆಸರಲ್ಲಿದೆ ಅನ್ನೋದರ ಮೇಲೆ ನಿಂತಿತ್ತು. ಸ್ವಂತದ್ದೋ ಬಾಡಿಗೆಯದ್ದೋ, ಆರು ತಿಂಗಳಿಂದ ಆ ಜಾಗ ನಿಮ್ಮ ಹೆಸರಲ್ಲಿದ್ರೆ 21 ವರ್ಷಕ್ಕೆ ಓಟು, ಗಂಡಸಾದ್ರೂ ಹೆಂಗಸಾದ್ರೂ. ಹಾಗಾಗಿ ತನ್ನ ಹೆಸರಲ್ಲಿ ಬಾಡಿಗೆ ಮನೆ ಹಿಡಿದಿರೋ 22ರ ವಿಧವೆಗೆ ಕೌನ್ಸಿಲಿಗೆ ಓಟಿತ್ತು, ಪಾರ್ಲಿಮೆಂಟಿಗೆ ಇರ್ಲಿಲ್ಲ. ಮನೆ ಗಂಡನ ಹೆಸರಲ್ಲಿದ್ರೆ ಹೆಂಡತಿಗೆ 30 ತುಂಬಿರಬೇಕು, ಅದನ್ನ 1928ರಲ್ಲಿ ತೆಗೆದ್ರು. ಅಪ್ಪ ಅಮ್ಮನ ಮನೇಲಿ ಇರೋ ದೊಡ್ಡ ಮಕ್ಕಳಿಗೆ, ಮಂಚ ಕುರ್ಚಿ ಸಮೇತ ರೂಮು ಬಾಡಿಗೆಗೆ ಹಿಡಿದವರಿಗೆ ಕೌನ್ಸಿಲ್ ಓಟೇ ಇಲ್ಲ, ಅದೇ ಖಾಲಿ ರೂಮು ಹಿಡಿದು ಮಂಚ ನೀವೇ ತಂದು ಹಾಕ್ಕೊಂಡಿದ್ರೆ ಇದೆ! ಒಂದು ಮಂಚದ ಮೇಲೆ ಓಟು ನಿಂತಿತ್ತು ಅಂದ್ರೆ ನಂಬ್ತೀರಾ. ಇದೆಲ್ಲಾ ಎರಡನೇ ಮಹಾಯುದ್ಧ ಮುಗಿಯೋವರೆಗೂ ನಡೀತು.

ಇನ್ನೊಂದು ಮುಖ್ಯವಾದ್ದು. ಮೊದಲು ಬಡವರ ಪರಿಹಾರ ತಗೊಂಡವರಿಗೆ ಓಟು ಕಟ್ ಆಗ್ತಿತ್ತು, 1918ರ ಕಾಯ್ದೆಯಲ್ಲಿ ಆ ಷರತ್ತು ತೆಗೆದ್ರು. ಪಾಪ್ಲರ್ ಗೆಲುವಿಗೆ ಯುದ್ಧ ಮುಗಿದ ಮೂಡು, ಯೂನಿಯನ್ನು ಎಲ್ಲಾ ಕಾರಣ ಇರಬಹುದು, ಆದ್ರೆ ನನ್ನ ಪ್ರಕಾರ ವೋಟರ್ ಲಿಸ್ಟ್ ಬದಲಾಗಿದ್ದೇ ಅಸಲಿ ವಿಷ್ಯ. ರೇಟ್ಸಿನ ಪೆಟ್ಟು ತಿನ್ನೋ ಜನರೇ ಮೊದಲ ಸಲ ಇಷ್ಟು ಸಂಖ್ಯೆಯಲ್ಲಿ ಲಿಸ್ಟಿಗೆ ಬಂದ್ರು.

ಲೆಕ್ಕದ ಮೇಡಂ:
ಪರಿಹಾರ ತಗೊಳ್ಳೋರೇ ಪರಿಹಾರ ಕೊಡೋರನ್ನ ಆರಿಸೋದು ಅಂತ ಎದುರು ಪಕ್ಷದವರು ಆಗಲೇ ಗೊಣಗಿದ್ರು. ಪಾಪ್ಲರಲ್ಲಿ ಅವರ ಹೆಸರು ಮುನ್ಸಿಪಲ್ ಅಲಯನ್ಸ್.

ಥೇಮ್ಸ್ ದಂಡೆ ಕನ್ನಡಿಗ:
ಗೊಣಗಲಿ ಬಿಡಿ ಮೇಡಂ, ಬಂಗಲೆಯವರು ಬಂಗಲೆ ರೇಟ್ ಇಳಿಸೋರಿಗೆ ಓಟ್ ಹಾಕಿದ್ರೆ ಅದಕ್ಕೆ ಯಾರೂ ಹೆಸರಿಡಲ್ಲ. ಮತ್ತೆ ಊರೂರಿಗೂ ಅವರ ಹೆಸರು ನೋಡಿ, ಒಂದು ಕಡೆ ಮುನ್ಸಿಪಲ್ ರಿಫಾರ್ಮ್, ಇನ್ನೊಂದು ಕಡೆ ಸಿಟಿಜನ್ಸ್, ಮತ್ತೊಂದು ಕಡೆ ಇಂಡಿಪೆಂಡೆಂಟ್, ಒಳಗೆ ನೋಡಿದ್ರೆ ಎಷ್ಟೋ ಊರಲ್ಲಿ ಕನ್ಸರ್ವೇಟಿವ್ ಮತ್ತು ಲಿಬರಲ್ ಕೈಜೋಡಿಸಿದ್ದು. ರಾಜಕೀಯ ಕೌನ್ಸಿಲಿಗೆ ಬರಬಾರದು ಅನ್ನೋದೇ ಅವರ ರಾಜಕೀಯ.

ಮಂಡ್ಯ ಹೈದ:
ಎಲೆಕ್ಷನ್ ಹೆಂಗ್ ನಡೀತಿತ್ತು ಅದ್ನ ಹೇಳಣ್ಣ. ಬಾಡೂಟ ಗೀಡೂಟ ಇತ್ತಾ

ಥೇಮ್ಸ್ ದಂಡೆ ಕನ್ನಡಿಗ:
ಬಾಡೂಟ ಕಾಣೆ. ಬ್ಯಾಲೆಟ್ ಪೇಪರಲ್ಲಿ ಪಾರ್ಟಿ ಹೆಸರೇ ಇರ್ತಿರ್ಲಿಲ್ಲ, ಚಿಹ್ನೆಯಂತೂ ಇಲ್ವೇ ಇಲ್ಲ, ಬರೀ ವ್ಯಕ್ತಿ ಹೆಸರು ವಿಳಾಸ. ಒಂದು ವಾರ್ಡಿಗೆ ಎಷ್ಟು ಸೀಟೋ ಅಷ್ಟು ಗುರುತು ಹಾಕಬಹುದು. ಹಾಗಾಗಿ ಪಾರ್ಟಿಯವರ ದೊಡ್ಡ ಕೆಲಸ ನಮ್ಮ ಕ್ಯಾಂಡಿಡೇಟ್ ಇವರು ಅಂತ ಜನರಿಗೆ ಬಾಯಿಪಾಠ ಮಾಡ್ಸೋದು. ಮನೆಮನೆಗೆ ಚೀಟಿ ಹಂಚೋದು, ಕಿಟಕಿ ಗಾಜಿಗೆ ಕಾರ್ಡ್ ಅಂಟ್ಸೋದು. ಯಾರದ್ದಾದ್ರೂ ಮನೆ ಮುಂದಿನ ರೂಮು ಖಾಲಿ ಮಾಡ್ಸಿ ಅದನ್ನೇ ಆಫೀಸ್ ಮಾಡ್ಕೊಳ್ಳೋರು. ಮತಗಟ್ಟೆ ಬಾಗಿಲಲ್ಲಿ ಒಬ್ಬರು ನಿಂತು ಓಟ್ ಹಾಕಿದವರ ನಂಬರ್ ಬರ್ಕೊಳ್ಳೋದು, ಆ ಚೀಟಿ ಈ ರೂಮಿಗೆ ಬರೋದು, ಲಿಸ್ಟಲ್ಲಿ ಗೀಟು ಹೊಡೆಯೋದು, ಇನ್ನೂ ಬರದವರ ಬಾಗಿಲು ತಟ್ಟೋಕೆ ಓಡೋದು. ಇದನ್ನ ಇಲ್ಲಿ ಇವತ್ತಿಗೂ ಮಾಡ್ತಾರೆ, ನಾನೇ ಒಂದು ಸಲ ಪಕ್ಕದ ಮನೆಯವರ ಜೊತೆ ಹೋಗಿ ನಾಯಿ ಓಡಿಸ್ಕೊಂಡು ಬಂದಿದೀನಿ.

ಧಾರವಾಡ ವಕೀಲ:
ತಡಾ ಆತು ಬರೂದು, ಕ್ಷಮಿಸ್ರಿ. ಮೇಡಂ ಅವರು ಆಡಿಟ್ ಅಂದಕೂಡ್ಲೆ ನನಗ ನೆನಪಾತು, ಈ ಪಾಪ್ಲರ್ ಕೌನ್ಸಿಲ್ ಕೇಸ್ ನಾವು ಲಾ ಕಾಲೇಜಿನ್ಯಾಗ ಓದೇವ್ರಿ! ರಾಬರ್ಟ್ಸ್ ವರ್ಸಸ್ ಹಾಪ್‌ವುಡ್, 1925. ಆಡಳಿತ ಕಾನೂನಿನ ಪೇಪರಿನ್ಯಾಗ ಬರ್ತದ, ವಿವೇಚನಾಧಿಕಾರ ಅನ್ನೂ ಪಾಠದಾಗ. ಆದ್ರ ಅದರ ಹಿಂದ ಇಷ್ಟ ದೊಡ್ಡ ಕತಿ ಅದ ಅಂತ ನಮ್ಮ ಸರ್ ಒಂದಿನಾನೂ ಹೇಳಿದ್ದಿಲ್ಲ.

ಕೇಸ್ ಏನಂದ್ರ, ಈ ಕೌನ್ಸಿಲ್‌ನವರು 1920ರಾಗ ತಮ್ಮ ನೌಕರರಿಗೆ ವಾರಕ್ಕ ಕನಿಷ್ಠ 4 ಪೌಂಡ್ ಪಗಾರ ಅಂತ ಠರಾವು ಮಾಡಿದ್ರು, ಗಂಡಸರಿಗೂ ಅಷ್ಟ, ಹೆಂಗಸರಿಗೂ ಅಷ್ಟ. ಆಮ್ಯಾಲೆ ಸಾಮಾನಿನ ಬೆಲಿ ಇಳದ್ವು, ಬ್ಯಾರೆ ಕಡೆ ಪಗಾರ ಇಳಸಿದ್ರು, ಇವರು ಇಳಸ್ಲಿಲ್ಲ. ಸರ್ಕಾರಿ ಆಡಿಟರ್ ಬಂದು ಇದು ಪಗಾರ ಅಲ್ಲ, ದಾನ ಅಂದ, 5,000 ಪೌಂಡ್ ಕೌನ್ಸಿಲರ್‌ಗಳ ಕಿಸೆಯಿಂದ ವಸೂಲಿ ಮಾಡ್ರಿ ಅಂತ ಬರದ. ಅಪೀಲ್ ಕೋರ್ಟಿನ್ಯಾಗ ಕೌನ್ಸಿಲ್ ಗೆದ್ದಿತ್ತು, ಹೌಸ್ ಆಫ್ ಲಾರ್ಡ್ಸ್‌ನ್ಯಾಗ (ಆವಾಗ ಅದೇ ಕಡೀ ಕೋರ್ಟ್) ಸೋತಿತು. ಲಾರ್ಡ್ ಅಟ್ಕಿನ್ಸನ್ ತಮ್ಮ ತೀರ್ಪಿನ್ಯಾಗ, ಇವರು ಸಮಾಜವಾದಿ ದಾನಧರ್ಮದ ವಿಚಿತ್ರ ತತ್ವಕ್ಕೋ, ಹೆಣ್ಣು ಗಂಡು ಪಗಾರದಾಗ ಸಮ ಆಗಬೇಕನ್ನೂ ಸ್ತ್ರೀವಾದಿ ಹಂಬಲಕ್ಕೋ ಬಲಿಯಾಗಿ ದಾರಿ ತಪ್ಪಬಾರದಿತ್ತು ಅನ್ನೂ ಅರ್ಥದಾಗ ಬರದಾರ. ಪರೀಕ್ಷಾಕ್ಕ ಬಾಯಿಪಾಠ ಮಾಡಿದ್ದೆ ನಾ ಇದನ್ನ, ಸಿಟ್ಟು ಈಗ ಬರಾಕತ್ತೇತಿ.

ಶಾರದಕ್ಕ:
ಸಮಾನ ವೇತನ ಕೇಳೋದು ವಿಚಿತ್ರ ಅಂತೆ! ಆ ಕೌನ್ಸಿಲಲ್ಲಿ ಹೆಂಗಸರು ಇದ್ರಾ ಹಾಗಾದ್ರೆ?

ಥೇಮ್ಸ್ ದಂಡೆ ಕನ್ನಡಿಗ:
ಇದ್ರಕ್ಕ, ಜೈಲಿಗೂ ಹೋದ್ರು. 1907ರ ಕಾಯ್ದೆ ಆದ್ಮೇಲೆ ಹೆಂಗಸರು ಬರೋ ಕೌನ್ಸಿಲರ್ ಆಗಬಹುದಿತ್ತು. ಸೂಸನ್ ಲಾರೆನ್ಸ್ ಅಂತ ಒಬ್ಬರು, ಶ್ರೀಮಂತರ ಮನೆಯವರು, ಮೊದಲು ಕನ್ಸರ್ವೇಟಿವ್ ಕಡೆ ಇದ್ದು ಆಮೇಲೆ ಲೇಬರ್‌ಗೆ ಬಂದೋರು. ನೆಲ್ಲಿ ಕ್ರೆಸಾಲ್ ಜೈಲಿಗೆ ಹೋದಾಗ ಗರ್ಭಿಣಿ, ಮುಂದೆ 1943ರಲ್ಲಿ ಅವರೇ ಪಾಪ್ಲರ್ ಮೇಯರ್. ಮಿನ್ನಿ ಲ್ಯಾನ್ಸ್‌ಬರಿ ಅಂತ ಲ್ಯಾನ್ಸ್‌ಬರಿಯವರ ಸೊಸೆ, ಟೀಚರ್ ಆಗಿದ್ದೋರು, ಅವರು ಆಲ್ಡರ್‌ಮನ್. ಅಂದ್ರೆ ಜನ ಆರಿಸೋದಲ್ಲ, ಕೌನ್ಸಿಲರ್‌ಗಳೇ ಸೇರಿ ಆರು ವರ್ಷಕ್ಕೆ ಕೆಲವರನ್ನ ಆರಿಸ್ಕೊಳ್ತಿದ್ರು.

ಈಗ ಮೇಡಂ ತಕರಾರಿಗೆ ಬರ್ತೀನಿ. 1921 ಮಾರ್ಚ್‌ನಲ್ಲಿ ಕೌನ್ಸಿಲ್ ಒಂದು ನಿರ್ಧಾರ ಮಾಡ್ತು. ಬರೋದವರು ತಮ್ಮ ರೇಟ್ ಜೊತೆಗೆ ಎಲ್ಲಾ ಬರೋಗಳ ಮೇಲಿದ್ದ ಲಂಡನ್ ಕೌಂಟಿ ಕೌನ್ಸಿಲ್, ಪೊಲೀಸು, ನೀರಿನ ಮಂಡಳಿ, ಆಸ್ಪತ್ರೆ ಮಂಡಳಿ ಇವರ ಪಾಲನ್ನೂ ವಸೂಲಿ ಮಾಡಿ ಕೊಡ್ಬೇಕು. ಆ ಪಾಲನ್ನ ಈ ಸಲ ವಸೂಲಿ ಮಾಡಲ್ಲ, ನಮ್ಮೂರಿನ ಖರ್ಚಿಗೆ ಬೇಕಾದಷ್ಟೇ ರೇಟ್ ಹಾಕ್ತೀವಿ ಅಂದ್ರು. ಕೋರ್ಟು ಕರೀತು. ಜುಲೈ 29ಕ್ಕೆ ಟೌನ್ ಹಾಲಿಂದ ಹೈಕೋರ್ಟಿಗೆ ನಡ್ಕೊಂಡೇ ಹೊರಟ್ರು, ಸುಮಾರು ಐದು ಮೈಲಿ, ಮುಂದೆ ಬ್ಯಾಂಡು, ಬೆಳ್ಳಿದಂಡ ಹಿಡಿದ ಕೌನ್ಸಿಲ್ ಜವಾನ, ಕೊರಳಲ್ಲಿ ಅಧಿಕಾರದ ಸರ ಹಾಕ್ಕೊಂಡ ಆಗಿನ ಮೇಯರ್ ಸ್ಯಾಮ್ ಮಾರ್ಚ್. ಬ್ಯಾನರಲ್ಲಿ ಪಾಪ್ಲರ್ ಬರೋ ಕೌನ್ಸಿಲ್ ಹೈಕೋರ್ಟಿಗೆ, ಬಹುಶಃ ಜೈಲಿಗೂ, ಹೊರಟಿದೆ ಅಂತ ಬರ್ಕೊಂಡಿದ್ರು.

ಸೆಪ್ಟೆಂಬರ್ ಒಂದರಿಂದ ಅರೆಸ್ಟು. ಗಂಡಸರು ಬ್ರಿಕ್ಸ್‌ಟನ್ ಜೈಲಿಗೆ, ಹೆಂಗಸರು ಹಾಲೋವೇಗೆ. ಒಳಗಿದ್ರೂ ಇವರು ಕೌನ್ಸಿಲರ್‌ಗಳೇ ತಾನೇ, ಕೌನ್ಸಿಲ್ ಸಭೆ ಸೇರಬೇಕು ಅಂತ ಪಟ್ಟು ಹಿಡಿದ್ರು. ಕೊನೆಗೆ ಬ್ರಿಕ್ಸ್‌ಟನ್ ಜೈಲೊಳಗೇ ಮೀಟಿಂಗು, ಹಾಲೋವೇಯಿಂದ ಹೆಂಗಸರನ್ನ ಗಾಡೀಲಿ ಕೂರಿಸಿ ಲಂಡನ್ನಿನ ಆ ತುದಿಯಿಂದ ಈ ತುದಿಗೆ ಕರ್ಕೊಂಡು ಬರೋರು. ಲ್ಯಾನ್ಸ್‌ಬರಿ ಕಿಟಕಿ ಸರಳಿನ ಹಿಂದೆ ನಿಂತು ಹೊರಗೆ ಸೇರಿದ ಜನಕ್ಕೆ ಭಾಷಣ ಮಾಡೋರು. ಪಕ್ಕದ ಸ್ಟೆಪ್ನಿ, ಬೆತ್ನಲ್ ಗ್ರೀನ್ ಕೌನ್ಸಿಲ್‌ಗಳೂ ನಾವೂ ಹೀಗೇ ಮಾಡ್ತೀವಿ ಅಂದಾಗ ಸರ್ಕಾರಕ್ಕೆ ಬಿಸಿ ತಟ್ತು. ಅಕ್ಟೋಬರ್ 12ಕ್ಕೆ ಎಲ್ಲಾ ಹೊರಗೆ. ಅದೇ ವರ್ಷ ಕಾಯ್ದೆ ಮಾಡಿ ಪರಿಹಾರದ ಖರ್ಚನ್ನ ಲಂಡನ್ನಿನ ಎಲ್ಲಾ ಬರೋಗಳಿಗೂ ಹಂಚಿದ್ರು. ಪಾಪ್ಲರ್ ರೇಟು ಇಳೀತು, ಶ್ರೀಮಂತ ಬರೋಗಳದ್ದು ಏರ್ತು.

ಮೇಡಂ, ಅರ್ಜಿ ಕೊಟ್ಕೊಂಡು ಕೂತಿದ್ರೆ ಈ ಕಾಯ್ದೆ ಬರ್ತಿತ್ತಾ ಹೇಳಿ?

ಲೆಕ್ಕದ ಮೇಡಂ:
ಇದೇ ಪ್ರಶ್ನೆಗೆ ಅವರ ಪಾರ್ಟಿಯೊಳಗೇ ಜಗಳ ಇತ್ತು. ಪಕ್ಕದ ಹ್ಯಾಕ್ನಿಗೆ ಆಗ ಹರ್ಬರ್ಟ್ ಮಾರಿಸನ್ ಮೇಯರ್, ಅವರೂ ಲೇಬರ್ರೇ. ಅವರಿಗೆ ಈ ದಾರಿ ಇಷ್ಟ ಇರ್ಲಿಲ್ಲ. ಜವಾಬ್ದಾರಿಯಿಂದ ಆಡಳಿತ ನಡೆಸಬಲ್ಲೆವು ಅಂತ ತೋರಿಸಿದ್ರೆ ಜನ ತಾವಾಗೇ ಓಟು ಹಾಕ್ತಾರೆ ಅನ್ನೋದು ಅವರ ಲೆಕ್ಕ. 1934 ಮಾರ್ಚಲ್ಲಿ ಲಂಡನ್ ಕೌಂಟಿ ಕೌನ್ಸಿಲನ್ನೇ ಅವರು ಗೆದ್ದುಕೊಟ್ರು, ಅದೇ ನವೆಂಬರಲ್ಲಿ 28ರಲ್ಲಿ 15 ಬರೋ ಲೇಬರ್ ಕೈಗೆ. ಒಬ್ಬರೂ ಜೈಲಿಗೆ ಹೋಗ್ಲಿಲ್ಲ. ನಾನು ಮಾರಿಸನ್ ಕಡೆ. ಆದ್ರೆ 1921ರಲ್ಲಿ ಪಾಪ್ಲರ್ ಕೂಲಿಯವನ ಮನೆಗೆ ಹೋಗಿ ಇನ್ನು ಹದಿಮೂರು ವರ್ಷ ಕಾಯಪ್ಪ ಅಂತ ಹೇಳೋ ಧೈರ್ಯ ನಂಗಿಲ್ಲ, ಅಷ್ಟು ಬಿಟ್ಟುಕೊಡ್ತೀನಿ.

ಕಡಲತಡಿ:
ಮೇಡಂ ಅರ್ಧ ಸೋತ್ರು 😄 ಅಲ್ಲ, ಮುಂದಿನ ಎಲೆಕ್ಷನ್ನಲ್ಲಿ ಏನಾಯ್ತು?

ಥೇಮ್ಸ್ ದಂಡೆ ಕನ್ನಡಿಗ:
1922 ನವೆಂಬರಲ್ಲಿ ಲಂಡನ್ನಿನ ಎಷ್ಟೋ ಬರೋಗಳಲ್ಲಿ ಲೇಬರ್ ಮಕಾಡೆ ಬಿತ್ತು, ಆದ್ರೆ ಪಾಪ್ಲರ್ ಉಳೀತು. ಕೆಟ್ಟ ಸುದ್ದಿ ಏನಂದ್ರೆ ಅದನ್ನ ನೋಡೋಕೆ ಮಿನ್ನಿ ಇರ್ಲಿಲ್ಲ. ಜೈಲಿಂದ ಬಂದು ಮೂರು ತಿಂಗಳೂ ತುಂಬಿಲ್ಲ, 1922ರ ಜನವರಿ ಒಂದಕ್ಕೆ ನ್ಯುಮೋನಿಯಾದಲ್ಲಿ ತೀರ್ಕೊಂಡ್ರು. 32 ವರ್ಷ. ಬೋ ರೋಡಲ್ಲಿ ಅವರ ನೆನಪಿಗೆ ಒಂದು ಗಡಿಯಾರ ಇದೆ.

ಶಾರದಕ್ಕ:
ಬೋ ಅಂದ್ರಾ? ಗಾಂಧೀಜಿ ದುಂಡುಮೇಜಿನ ಪರಿಷತ್ತಿಗೆ ಹೋದಾಗ ಉಳ್ಕೊಂಡಿದ್ದು ಬೋ ಅನ್ನೋ ಜಾಗದ ಕಿಂಗ್ಸ್‌ಲೀ ಹಾಲಲ್ಲಿ ಅಂತ ಓದಿದ ನೆನಪು. ಅದೇ ಬೋ ನಾ?

ಥೇಮ್ಸ್ ದಂಡೆ ಕನ್ನಡಿಗ:
ಅಕ್ಕಾ!! ಅದೇ. ಬೋ ಆಗ ಪಾಪ್ಲರ್ ಬರೋಗೇ ಸೇರಿತ್ತು. ಅದಕ್ಕಿಂತ ಮಜಾ ಏನು ಗೊತ್ತಾ, ಕಿಂಗ್ಸ್‌ಲೀ ಹಾಲ್ ಕಟ್ಟಿ ಗಾಂಧೀಜಿಯನ್ನ ಅಲ್ಲಿ ಇರಿಸ್ಕೊಂಡ ಮ್ಯೂರಿಯಲ್ ಲೆಸ್ಟರ್ 1922ರಿಂದ 1926ರವರೆಗೆ ಇದೇ ಪಾಪ್ಲರ್ ಕೌನ್ಸಿಲಲ್ಲಿ ಇದ್ರು, ತಾಯಿ ಮಗು ಆರೋಗ್ಯದ ಸಮಿತಿ ನೋಡ್ಕೊಳ್ತಿದ್ರು. 1931ರಲ್ಲಿ ದೊಡ್ಡ ಹೋಟೆಲ್ ಬಿಟ್ಟು ಮಹಾತ್ಮರು ಮಲಗಿದ್ದು ಈ ಕೂಲಿಗಳ ಬರೋದ ಮಹಡಿ ಮೇಲಿನ ಪುಟ್ಟ ಕೋಣೇಲಿ. ನಮ್ಮ ದಿವಾನ್ ಮಿರ್ಜಾ ಇಸ್ಮಾಯಿಲ್ ಕೂಡ ಆ ಪರಿಷತ್ತಿಗೆ ಬಂದಿದ್ರು.

ಧಾರವಾಡ ವಕೀಲ:
ಭಾರತದವರು ಯಾರರೆ ಇಂಥಾ ಕೌನ್ಸಿಲ್ ಎಲೆಕ್ಷನ್ ಗೆದ್ದಾರೇನ್ರಿ ಆಗ? ಆವಾಗ ನಾವು ಬ್ರಿಟಿಷ್ ಪ್ರಜೆಗಳು, ಅಲ್ಲೇ ಮನಿ ಮಾಡಿದ್ರ ಓಟು ಹಾಕಾಕೂ ನಿಲ್ಲಾಕೂ ಅಡ್ಡಿ ಇರಬಾರದು.

ಲೆಕ್ಕದ ಮೇಡಂ:
ಅಡ್ಡಿ ಇರ್ಲಿಲ್ಲ. 1934ರ ಅದೇ ನವೆಂಬರಲ್ಲಿ ಇಬ್ಬರು ಗೆದ್ರು. ಸೇಂಟ್ ಪ್ಯಾಂಕ್ರಸ್‌ನಲ್ಲಿ ವಿ.ಕೆ. ಕೃಷ್ಣ ಮೆನನ್, ಮುಂದೆ ನಮ್ಮ ರಕ್ಷಣಾ ಮಂತ್ರಿ ಆದವರು. ಅಲ್ಲಿ ಅವರ ಹೆಸರು ಉಳಿದಿರೋದು ಲೈಬ್ರರಿ ಕೆಲಸದಿಂದ. ಇನ್ನೊಬ್ಬರು ಫಿನ್ಸ್‌ಬರಿಯಲ್ಲಿ ಡಾಕ್ಟರ್ ಚುನಿಲಾಲ್ ಕತಿಯಾಲ್, ಪಂಜಾಬಿನವರು. ಗಾಂಧೀಜಿ ಚಾಪ್ಲಿನ್ ಭೇಟಿ ಆಗಿದ್ದು ಕ್ಯಾನಿಂಗ್ ಟೌನಿನ ಇವರ ಮನೆಯಲ್ಲೇ. 1938ರಲ್ಲಿ ಫಿನ್ಸ್‌ಬರಿ ಮೇಯರ್ ಆದ್ರು, ಅದೇ ವರ್ಷ ಫಿನ್ಸ್‌ಬರಿ ಹೆಲ್ತ್ ಸೆಂಟರ್ ಶುರುವಾಯ್ತು. ಕ್ಷಯದ ಕ್ಲಿನಿಕ್ಕು, ಹಲ್ಲಿನ ಡಾಕ್ಟರು, ಮಕ್ಕಳ ವಿಭಾಗ ಎಲ್ಲಾ ಒಂದೇ ಸೂರಿನಡಿ, ದೇಶಕ್ಕೆ ಉಚಿತ ಆರೋಗ್ಯ ಸೇವೆ ಬರೋಕೆ ಹತ್ತು ವರ್ಷ ಮೊದಲೇ.

ಮಂಡ್ಯ ಹೈದ:
ಮೇಡಂ ನೀವು ಬೈತಾ ಬೈತಾನೇ ಎಲ್ರಿಗಿಂತ ಜಾಸ್ತಿ ತಿಳ್ಕೊಂಡಿದ್ದೀರ. ಅಣ್ಣ ನಮ್ಮ ಬಾವ ಮುಂದಿನ ತಿಂಗಳು ಲಂಡನ್‌ಗೆ ಬತ್ತಾವ್ರೆ, ಆ ಗಡಿಯಾರ ನೋಡ್ಬೇಕು ಅಂದ್ರೆ ಎಲ್ಲಿ ಇಳೀಬೇಕು?

ಥೇಮ್ಸ್ ದಂಡೆ ಕನ್ನಡಿಗ:
ಬೋ ಚರ್ಚ್ ಸ್ಟೇಷನ್ನಲ್ಲಿ ಇಳಿದ್ರೆ ಅದೇ ರೋಡು, ನಡ್ಕೊಂಡು ಹೋಗಬಹುದು. ಕಿಂಗ್ಸ್‌ಲೀ ಹಾಲ್ ನೋಡೋದಿದ್ರೆ ಬ್ರಾಮ್ಲಿ ಬೈ ಬೋ ಹತ್ರ. ನಂಗೆ ಮೊದಲೇ ಹೇಳಿದ್ರೆ ನಾನೇ ಕರ್ಕೊಂಡ್ಹೋಗ್ತೀನಿ, ಬರೋವಾಗ ಒಂದು ಕೆಜಿ ಮದ್ದೂರು ವಡೆ ತರೋಕೆ ಹೇಳಿ.

ಶಾರದಕ್ಕ:
ಆ ಗಡಿಯಾರ ಈಗ ಓಡತ್ತೇನಪ್ಪ?

ಥೇಮ್ಸ್ ದಂಡೆ ಕನ್ನಡಿಗ:
ಕೆಳಗೆ ಎಷ್ಟೋ ಸಲ ಬಸ್ಸಿಗೆ ಕಾದಿದೀನಿ ಅಕ್ಕ, ತಲೆ ಎತ್ತಿ ನೋಡಿಲ್ಲ. ಶನಿವಾರ ಹೋಗಿ ಫೋಟೋ ಹಾಕ್ತೀನಿ.